ಮಿತಭಾಷಿಯಂತೆ ನಮ್ಮಕ್ಕ!

ಸರ್ಕಲ್ಲಿನ ಅರಳಿಮರಕ್ಕೆ ಕಟ್ಟಿದ್ದ ಆ ಫ್ಲೆಕ್ಸನ್ನು ನೋಡಿದಾಗ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಗುಲಾಬಿ ಹಿನ್ನೆಲೆ, ಎರಡೂ ಬದಿಗೆ ಉರಿಯುವ ದೀಪ, ಮೇಲೆ ಮೋಡ ಸೀಳಿಕೊಂಡು ಇಳಿಯುವ ಬೆಳಕು, ನಡುವೆ ನಮ್ಮ ಪಕ್ಕದ ಮನೆಯ ಅಕ್ಕ. ಆಧಾರ್ ಕಾರ್ಡಿಗೆ ತೆಗೆಸಿದ ಫೋಟೋವನ್ನೇ ದೊಡ್ಡದು ಮಾಡಿಸಿದ್ದರು. ಅದರಲ್ಲಿ ಅಕ್ಕ ತುಟಿ ಬಿಗಿಹಿಡಿದು ಕೂತಿದ್ದಾರೆ, ಯಾಕೆಂದರೆ ಫೋಟೋ ತೆಗೆಯುವವನು ನಗಬೇಡಿ ಅಂದಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ‘ದೈವಭಕ್ತೆ, ಸಹನಾಮೂರ್ತಿ, ಮಿತಭಾಷಿ.’

ಮಿತಭಾಷಿಯಂತೆ! ದೈವಭಕ್ತೆ ಅನ್ನುವುದನ್ನು ಹೇಗೋ ನುಂಗಿಕೊಳ್ಳಬಹುದು. ಶನಿವಾರ ಮನಸ್ಸಾದರೆ ಸಂಪಿಗೆ ಊರಿನ ಶ್ರೀನಿವಾಸನ ಗುಡಿಗೆ ಹೋಗುತ್ತಿದ್ದರು, ಬರುವಾಗ ದಾರಿಯುದ್ದಕ್ಕೂ ಕಡ್ಲೆಪುರಿ ತಿನ್ನುತ್ತಿದ್ದರು. ಸಹನೆಯೂ ಇತ್ತೆನ್ನಿ, ಆ ಮನೆಯಲ್ಲಿ ಅಷ್ಟು ಕಾಲ ಬಾಳಿದ್ದೇ ಅದಕ್ಕೆ ಸಾಕ್ಷಿ. ಆದರೆ ಒಂದು ಇಡೀ ಸಿನಿಮಾದ ಅಷ್ಟೂ ಪಾತ್ರಗಳ ಮಾತನ್ನು, ಕುದುರೆಯ ಮಾತನ್ನೂ ಸೇರಿಸಿ, ಒಬ್ಬರೇ ಆಡುತ್ತಿದ್ದ ಹೆಂಗಸು ಮಿತಭಾಷಿಯೆ? ಈ ಬರಹ ಬರೆಯುತ್ತಿರುವುದು ಆ ಒಂದು ಪದದ ಮೇಲಿನ ಸಿಟ್ಟಿಗೆ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಬರೆದಿದ್ದಾರಲ್ಲ, ಅಷ್ಟು ಸಾಕು. ನನಗೆ ಅವರು ಅಕ್ಕ.

ದಂಡಿನಶಿವರದ ಆಚೆಗಿನ ಈ ಊರಿಗೆ ನಾನು ಮದುವೆಯಾಗಿ ಬಂದ ಹೊಸತು. ತುರುವೇಕೆರೆಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಇನ್ನೂ ಸೇರಿರಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯ ಕೊಬ್ಬರಿ ಶೆಡ್ಡಿನಿಂದ ದಬದಬ ಸದ್ದು, ಯಾರೋ ಬೆಂಚು ಎತ್ತಿ ಎಸೆದ ಸದ್ದು, ಅದರ ಮೇಲೆ ಒಬ್ಬ ಹೆಂಗಸಿನ ಗಟ್ಟಿ ದನಿ: “ಏನ್ಲಾ ಅಧ್ಯಕ್ಷ, ಮೀಸೆ ತೀಡ್ಕಂಡು ಬಂದ್ಬುಟ್ರೆ ದೊಡ್ ಮನ್ಸ ಆಗ್ಬುಟ್ಟಾ? ಬಾರ್ಲಾ ಇತ್ತಾಗೆ, ನಿನ್ ಮೂಳೆ ಎಷ್ಟವೆ ನೋಡೇಬುಡ್ತೀನಿ!”

ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅಲ್ಲಿ ಯಾರೋ ಯಾರನ್ನೋ ಹೊಡೆದು ಹಾಕುತ್ತಿದ್ದಾರೆ ಎಂದು ಅತ್ತೆಯ ಹತ್ತಿರ ಓಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. “ಗಾಬ್ರಿ ಬೀಳ್ಬ್ಯಾಡ ಕಣಮ್ಮ. ಅವ್ಳು ಸಿನಿಮಾ ಹಾಕವ್ಳೆ. ಹೋಗು, ನೀನೂ ನೋಡು,” ಅಂದರು.

ಹೋದೆ. ನಮ್ಮ ಕಡೆಯ ಕೊಬ್ಬರಿ ಶೆಡ್ಡು ಅಂದರೆ ಕೆಳಗೆ ಕೆಲಸದ ಜಾಗ, ಮೇಲೆ ಅಟ್ಟ. ಕಿತ್ತ ತೆಂಗಿನಕಾಯಿಗಳನ್ನು ಅಟ್ಟದಲ್ಲಿ ತುಂಬಿಟ್ಟರೆ ವರ್ಷದ ಹತ್ತಿರ ಹತ್ತಿರ ಅವು ಅಲ್ಲೇ ಒಣಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೆ ಕೆಳಗಿಳಿಸಿ, ಸುಲಿದು, ಹೆಂಗಸರು ಸಾಲಾಗಿ ಕೂತು ಮಚ್ಚಿನಿಂದ ಹದವಾಗಿ ಕುಟ್ಟಿ ಚಿಪ್ಪು ಬಿಡಿಸುತ್ತಾರೆ. ಏಟು ಹೆಚ್ಚಾದರೆ ಉಂಡೆ ಒಡೆಯುತ್ತದೆ, ಒಡೆದದ್ದು ಮಂಡಿಯಲ್ಲಿ ಲೆಕ್ಕಕ್ಕಿಲ್ಲ. ಆ ಶೆಡ್ಡಿನ ಮೂಲೆಯಲ್ಲಿ, ಕೊಬ್ಬರಿ ಚೀಲಗಳ ಮೇಲೆ ಒಂದು ಹಳೇ ಟಿ.ವಿ., ಅದರ ಪಕ್ಕ ಸೀಡಿ ಪ್ಲೇಯರ್. ಟಿ.ವಿ. ಎದುರಿಗೆ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದವರು ಅಕ್ಕ. ಕೆಲಸದ ಹೆಂಗಸರೆಲ್ಲ ಮಚ್ಚು ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಬಾರೇ, ಕೂತ್ಕ. ಮಾತಾಡ್ಬ್ಯಾಡ, ಫೈಟಿಂಗ್ ನಡೀತೈತೆ,” ಅಂದರು ಅಕ್ಕ. ನಮ್ಮ ಪರಿಚಯ ಆದದ್ದು ಹೀಗೆ.

ಆ ಸಿನಿಮಾ ಆ ಮನೆಗೆ ಬಂದದ್ದೂ ಒಂದು ಕತೆ. ಅಕ್ಕನ ಮೈದುನ ತಮ್ಮ ಮಗಳ ಮದುವೆಯ ಸೀಡಿ ನೋಡಲೆಂದು ತಿಪಟೂರಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸೀಡಿ ಅಂಗಡಿಯಿಂದ ಪ್ಲೇಯರ್ ತಂದಿದ್ದರು. ಮನೆಗೆ ತಂದು ತೆರೆದರೆ ಅದರ ಹೊಟ್ಟೆಯಲ್ಲಿ ಮೊದಲೇ ಒಂದು ಸೀಡಿ ಕೂತಿತ್ತು. ಹೆಸರಿಲ್ಲ, ಕವರಿಲ್ಲ, ಮೇಲಿನ ಚಿತ್ರವೆಲ್ಲ ಉಜ್ಜಿಹೋಗಿತ್ತು. ಹಾಕಿ ನೋಡಿದರೆ ಚೀನಾದವರ ಯಾವುದೋ ಹಳೇ ಹೊಡೆದಾಟದ ತಮಾಷೆ ಸಿನಿಮಾ. ಮಾತು ಒಂದೂ ಅರ್ಥವಾಗುವುದಿಲ್ಲ, ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. ಮದುವೆ ಸೀಡಿಯನ್ನು ಮನೆಯವರು ನಡುಮನೆಯಲ್ಲಿ ಹಾಕಿಕೊಂಡು ನೋಡಿದರು. ಅದನ್ನು ಒಂದು ಸಲ ನೋಡಿದ ಅಕ್ಕ, “ಅದ್ರಾಗೇನೈತೆ, ಎಲ್ರೂ ಹಪ್ಪಳ ಬಾಯಿಗಿಟ್ಕಂಡು ಕ್ಯಾಮ್ರಾ ನೋಡ್ತಾರೆ,” ಅಂದು ಎದ್ದರಂತೆ. ನಡುಮನೆಗೆ ಹೊಸ ಪ್ಲೇಯರ್ ಬಂದಾಗ ಹಳೆಯದು ಶೆಡ್ಡಿಗೆ ಬಂತು. ಆ ಸೀಡಿಯೂ ಜೊತೆಗೇ ಬಂತು.

ಸಿನಿಮಾದಲ್ಲಿ ಒಬ್ಬ ಮುದುಕ. ಸದಾ ನೆಗಡಿ. ಮೂಗು ಕೆಂಪಗೆ, ಕೈಯಲ್ಲಿ ಒಂದು ಕೊಳಕು ಬಟ್ಟೆ. ಯಾರಾದರೂ ಹೊಡೆಯಲು ಬಂದರೆ ಸರಿಯಾಗಿ ಅದೇ ಹೊತ್ತಿಗೆ ಸೀನು ಬಂದು ಬಗ್ಗುತ್ತಾನೆ, ಏಟು ಅವನ ಬೆನ್ನ ಮೇಲಿಂದ ಹಾದು ಹಿಂದಿದ್ದವನಿಗೆ ಬೀಳುತ್ತದೆ. ಸೀನಿಯೇ ದೊಡ್ಡ ದೊಡ್ಡ ಗಟ್ಟಿಗರನ್ನು ಮಣ್ಣುಮುಕ್ಕಿಸುತ್ತಾನೆ. ಅವನಿಗೆ ಅಕ್ಕ ಇಟ್ಟ ಹೆಸರು ಸೀನಜ್ಜ. ಅವನ ಶಿಷ್ಯ ನೀರು ಹೊರುವ ಒಬ್ಬ ಸಣಕಲ, ಅವನು ಸಣ್ಣಪ್ಪ. ಇವರಿಬ್ಬರನ್ನು ಊರು ಬಿಡಿಸಲು ನೋಡುವ ಖಳನಿಗೆ ಉದ್ದ ಮೀಸೆ. ಕೈ ಹಿಂದೆ ಕಟ್ಟಿ ನಡೆಯುತ್ತಾನೆ, ಮಾತಾಡುವ ಮೊದಲು ಮೀಸೆ ಒರೆಸಿಕೊಳ್ಳುತ್ತಾನೆ. ಅವನ ಹೆಸರು ಅಧ್ಯಕ್ಷ.

ಅಧ್ಯಕ್ಷ ಯಾಕೆ ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅಕ್ಕನ ಮೈದುನ ಹಿಂದೊಮ್ಮೆ ಯಾವುದೋ ಸಂಘಕ್ಕೆ ಅಧ್ಯಕ್ಷರಾಗಿದ್ದವರು. ಅಧಿಕಾರ ಹೋಗಿ ಎಷ್ಟೋ ಕಾಲವಾದರೂ ಊರೆಲ್ಲ ಹಾಗೇ ಕರೆಯಬೇಕು, ಕರೆಯದಿದ್ದರೆ ಮುಖ ಊದುತ್ತದೆ. ಕೈ ಹಿಂದೆ ಕಟ್ಟಿ ನಡೆಯುವುದು, ಮೀಸೆ ಒರೆಸುವುದು ಎಲ್ಲ ಥೇಟ್ ಅದೇ. ಆ ಜಂಟಿ ಮನೆಯಲ್ಲಿ ಅವರ ಮಾತೇ ಮಾತು. ಅಡಿಗೆಗೆ ಏನು, ಯಾರ ಮನೆಗೆ ಯಾರು ಹೋಗಬೇಕು, ಅತ್ತಿಗೆ ಯಾವ ಸೀರೆ ಉಡಬೇಕು, ಎಲ್ಲಕ್ಕೂ ಅಪ್ಪಣೆ. ಅವರೆದುರು ಅಕ್ಕ ನಿಜವಾಗಿಯೂ ಬಾಯಿ ಬಿಡುತ್ತಿರಲಿಲ್ಲ. ‘ಹೂಂ’, ‘ಸರಿ’, ‘ಆಯ್ತು’, ಇಷ್ಟೇ. ನುಂಗಿಕೊಂಡದ್ದನ್ನೆಲ್ಲ ಮಧ್ಯಾಹ್ನ ಶೆಡ್ಡಿಗೆ ತಂದು ಸೀನಜ್ಜನ ಬಾಯಲ್ಲಿ ಆಡಿಸುತ್ತಿದ್ದರು. ಫ್ಲೆಕ್ಸ್ ಬರೆಸಿದ ಮಹಾಶಯರು ಅವರೇ. ಅವರು ಶೆಡ್ಡಿಗೆ ಬಂದು ಒಂದು ದಿನ ಕೂತಿದ್ದರೆ ಗೊತ್ತಾಗುತ್ತಿತ್ತು ಎಂಥ ಮಿತಭಾಷಿ ಅಂತ.

ಹಾಗಾಗಿ ಸಿನಿಮಾದ ಕತೆ ದಿನಕ್ಕೊಂದು ಥರ ಇರುತ್ತಿತ್ತು. ಬೆಳಿಗ್ಗೆ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಅಂತ ಮೈದುನ ತಟ್ಟೆ ತಳ್ಳಿದ್ದರೆ, ಅವತ್ತು ಸಿನಿಮಾದ ಜಗಳ ಉಪ್ಪಿನ ಮೇಲೆಯೇ. ಸೀನಜ್ಜ ಬೆಂಚಿನ ಮೇಲೆ ಹತ್ತಿ ನಿಂತು, “ಉಪ್ಪು ಜಾಸ್ತಿ ಆಗಿದ್ರೆ ನೀರ್ ಕುಡೀಲಾ, ತಟ್ಟೆ ಯಾಕ್ಲಾ ತಳ್ತೀಯ?” ಅನ್ನುತ್ತಿದ್ದ. ಯಾರನ್ನೋ ತವರಿಗೆ ಕಳಿಸದಿದ್ದರೆ ಅವತ್ತು ಸಣ್ಣಪ್ಪ ತವರಿಗೆ ಹೋಗಬೇಕು ಅಂತ ಹೊಡೆದಾಡುತ್ತಿದ್ದ. ಕೆಲಸದ ಹೆಂಗಸರಲ್ಲಿ ಹಿರಿಯಳಾದ ನಿಂಗಮ್ಮ, “ಅಕ್ಕಯ್ಯ, ನಮ್ಮ ಯಜಮಾನನ ಇಸ್ಯಾನೂ ಒಸಿ ಸೇರ್ಸಿ,” ಎಂದು ಅರ್ಜಿ ಹಾಕಿಕೊಳ್ಳುತ್ತಿದ್ದಳು. ಅಕ್ಕ ಸೇರಿಸುತ್ತಿದ್ದರು. ಮುಂದಿನ ಫೈಟಿನಲ್ಲಿ ಯಾವನೋ ಒಬ್ಬ ಕುಡುಕ ನಿಂಗಮ್ಮನ ಗಂಡನ ಹೆಸರಲ್ಲಿ ಬಾವಿಗೆ ಬೀಳುತ್ತಿದ್ದ. ಬಿದ್ದರೆ ಶೆಡ್ಡೆಲ್ಲ ಚಪ್ಪಾಳೆ.

ಫೈಟಿಂಗ್ ಬಂದಾಗ ಮಚ್ಚು ಕೆಳಗಿಡಬೇಕು ಅನ್ನುವುದು ಅಕ್ಕನ ಕಾನೂನು. ಮೊದಮೊದಲು ಹೆಂಗಸರು ಸಿನಿಮಾ ನೋಡುತ್ತಲೇ ಕುಟ್ಟುತ್ತಿದ್ದರಂತೆ. ಸೀನಜ್ಜ ಒಬ್ಬನಿಗೆ ಬಾರಿಸಿದ ರಭಸಕ್ಕೆ ಇವರೂ ಬಾರಿಸಿ, ಒಂದು ಗುಡ್ಡೆ ಕೊಬ್ಬರಿ ಚೂರುಚೂರಾಗಿ, ಅಧ್ಯಕ್ಷರು ಭೂಮಿ ಆಕಾಶ ಒಂದು ಮಾಡಿದ್ದರು. ಮೀಸೆಯವನನ್ನು ಹೊಡೆಯುವ ಉತ್ಸಾಹದಲ್ಲಿ ಕೊಬ್ಬರಿ ಒಡೆದದ್ದು ಅಂತ ಅವರಿಗೆ ಹೇಳುವವರು ಯಾರು? ಆಮೇಲೆ ಈ ಕಾನೂನು ಬಂತು. ಕೊಬ್ಬರಿ ಒಡೆಯಲಿಲ್ಲ, ಆದರೆ ಕೆಲಸ ನಿಲ್ಲುತ್ತಿತ್ತು. ಅದಕ್ಕೂ ಅಧ್ಯಕ್ಷರು ರೇಗುತ್ತಿದ್ದರು.

ಅಕ್ಕನ ಯಜಮಾನರನ್ನು ನಾನು ಭಾವ ಅನ್ನುತ್ತಿದ್ದೆ. ಅವರ ವಿಷಯದಲ್ಲೂ ನನಗೆ ಬಹಳ ದಿನ ಸಿಟ್ಟಿತ್ತು. ದೊಡ್ಡವರಾಗಿ ತಮ್ಮನನ್ನು ಒಂದು ಮಾತು ಗದರಿಸಿದವರಲ್ಲ. ಬೆಳಗಿನಿಂದ ಸಂಜೆಯವರೆಗೆ ಅಟ್ಟದ ಮೇಲೇ ಇರುತ್ತಿದ್ದರು, ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಉಂಡೆಯಾಗಿದೆಯೋ ಇಲ್ಲವೋ ಕೇಳುತ್ತಾ. ಅಟ್ಟದ ಬೀಗದ ಕೈಗೊಂಚಲು ಸದಾ ಸೊಂಟದಲ್ಲಿ. ಆಮೇಲಾಮೇಲೆ ಅದರಲ್ಲಿ ಕೀಲಿಗಳ ಜೊತೆಗೆ ಏನೋ ಒಂದು ಸಣ್ಣ ಕಪ್ಪು ಬಿಲ್ಲೆಯಂಥದ್ದೂ ತೂಗುತ್ತಿತ್ತು. ಅಟ್ಟದ ನೆಲಕ್ಕೆ ಗಾಳಿಯಾಡಲೆಂದು ಹಲಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಅವರು ಓಡಾಡಿದರೆ ಆ ಸಂದುಗಳಿಂದ ನಾರಿನ ಧೂಳು ನಮ್ಮ ತಲೆ ಮೇಲೆ ಬೀಳುತ್ತಿತ್ತು. ಅಕ್ಕ ತಲೆ ಎತ್ತಿ ಕೂಗುತ್ತಿದ್ದರು: “ರೀ, ಫೈಟಿಂಗ್ ಮುಗಿಯೋಗಂಟ ಅಲ್ಲಾಡ್ಬ್ಯಾಡ್ರಿ!” ಧೂಳು ನಿಲ್ಲುತ್ತಿತ್ತು. ಕೆಲವು ಸಲ ಅಕ್ಕ ಕೂಗುವ ಮೊದಲೇ ನಿಂತಿರುತ್ತಿತ್ತು. ಅದು ಯಾಕೆಂದು ನಾನು ಯೋಚಿಸಲಿಲ್ಲ.

ಸಿನಿಮಾ ಶುರುವಾದ ಮೇಲೆ ನಡುವೆ ಏಳುವುದು ಅಕ್ಕನ ಜಾಯಮಾನದಲ್ಲೇ ಇರಲಿಲ್ಲ. ಒಮ್ಮೆ ಚಿಕ್ಕನಾಯಕನಹಳ್ಳಿಯಿಂದ ಅಧ್ಯಕ್ಷರ ಬೀಗರು ಹೇಳದೆ ಕೇಳದೆ ಬಂದರು. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ, ಕರೆಯಲು ನನ್ನನ್ನು ಕಳಿಸಿದರು. ಅಕ್ಕ ಟಿ.ವಿ.ಯಿಂದ ಕಣ್ಣು ಕೀಳದೆ, “ಸೀನಜ್ಜನ್ನ ಬಾಯ್ ತೆರ್ಸಿ ಅರ್ಧಕ್ಕೆ ನಿಲ್ಸಿ ಬರಕ್ಕಾಯ್ತದೇನೆ? ಅವ್ರನ್ನೇ ಇತ್ತಾಗೆ ಕರ್ಕಂಬಾ,” ಅಂದರು. ಬೀಗರು ಬಂದರು, ಚೀಲದ ಮೇಲೆ ಕೂತರು, ಬೀಗಿತ್ತಿಯಂತೂ ನಕ್ಕು ನಕ್ಕು ಕೆಮ್ಮಿದರು. ಹೋಗುವಾಗ ಆ ಬೀಗಿತ್ತಿ ಅಧ್ಯಕ್ಷರಿಗೆ, “ನಿಮ್ಮತ್ಗೆ ಸಿನಿಮಾ ತುಂಬಾ ಚೆನ್ನಾಗ್ ಹೇಳ್ತಾರೆ ಕಣ್ರೀ, ಅದ್ರಾಗಿರೋ ಅಧ್ಯಕ್ಷ ನಿಮ್ ಥರಾನೇ ಅವ್ನೆ,” ಅಂದುಬಿಟ್ಟರು, ಪಾಪ, ಮುಗ್ಧವಾಗಿ.

ಅವತ್ತಿನಿಂದ ಆ ಸೀಡಿಯ ಮೇಲೆ ಅಧ್ಯಕ್ಷರ ಕಣ್ಣು ಬಿತ್ತು. ಶೆಡ್ಡಿನ ಕರೆಂಟು ತೆಗೆಸಿದರು. ಅಕ್ಕ ನಮ್ಮ ಮನೆಯಿಂದ ವೈರು ಎಳೆಸಿಕೊಂಡರು. ಬಿಲ್ಲಿನ ಬಗ್ಗೆ ನನ್ನ ಗಂಡ ಗೊಣಗಿದಾಗ, “ಸೀನಜ್ಜ ಎಷ್ಟು ಕರೆಂಟ್ ತಿಂತಾನೋ, ಮುದುಕ,” ಎಂದು ಒಂದು ಚೊಂಬು ತುಪ್ಪ ಕೊಟ್ಟು ಬಾಯಿ ಮುಚ್ಚಿಸಿದರು.

ಒಂದು ದಿನ ಸೀಡಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಸೀನಜ್ಜ ಮೂಗಿನ ಮೇಲೆ ಬಟ್ಟೆ ಇಟ್ಟುಕೊಂಡವನು ಹಾಗೇ ನಿಂತುಬಿಟ್ಟ. ಯಾವ ಗೀರು, ಯಾವ ಸವೆತ ಅಂತ ಗೊತ್ತಿಲ್ಲ. ಅಕ್ಕ ಏನು ಮಾಡಿದರು ಹೇಳಿ? ಸೀಡಿ ಹೊರಗೆ ತೆಗೆದು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ನಮ್ಮ ಕಡೆ ಸುಟ್ಟ ಗಾಯಕ್ಕೂ ಕೀರುಗುಟ್ಟುವ ಬಾಗಿಲಿಗೂ ಅದೇ ಔಷಧಿಯಲ್ಲವೆ. ಎಣ್ಣೆ ಹಚ್ಚಿದ ಸೀಡಿಯನ್ನು ಹಾಕಿದ್ದೇ ಪ್ಲೇಯರ್ ಗೊರಗೊರ ಅಂದು ಸುಮ್ಮನಾಯಿತು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಅವತ್ತು ಒಂದೇ ದಿನ. ಮಾರನೇ ದಿನ ಭಾವ ಯಾರಿಗೂ ಹೇಳದೆ ಪ್ಲೇಯರನ್ನೂ ಸೀಡಿಯನ್ನೂ ಚೀಲಕ್ಕೆ ಹಾಕಿಕೊಂಡು ತಿಪಟೂರಿಗೆ ಹೋದರು. ಸಂಜೆ ವಾಪಸು ತಂದು ಶೆಡ್ಡಿನಲ್ಲಿಟ್ಟು ಅಟ್ಟ ಹತ್ತಿದರು. ಸಿನಿಮಾ ಮತ್ತೆ ಓಡಿತು. ಆದರೆ ಆ ಜಾಗದಲ್ಲಿ ಮಾತ್ರ ಸದ್ದೆಲ್ಲ ನಿಂತು ಸೀನಜ್ಜ ಕಲ್ಲಾಗಿಬಿಡುತ್ತಿದ್ದ, ಸ್ವಲ್ಪ ಹೊತ್ತಾದ ಮೇಲೆ ತಾನೇ ಮುಂದೆ ಹೋಗುತ್ತಿತ್ತು. ಅಲ್ಲಿಗೂ ಅಕ್ಕ ಒಂದು ಮಾತು ಹೊಂದಿಸಿದರು. ಚಿತ್ರ ನಿಂತ ಕೂಡಲೇ ನಮ್ಮ ಕಡೆ ತಿರುಗಿ, “ಇರ್ರೇ, ಸೀನಜ್ಜ ಮೂಗ್ ಒರೆಸ್ಕತಾವ್ನೆ,” ಅನ್ನುತ್ತಿದ್ದರು. ನಾವು ಕಾಯುತ್ತಿದ್ದೆವು. ಸೀನಜ್ಜ ಒರೆಸಿಕೊಂಡು ಮುಂದುವರಿಯುತ್ತಿದ್ದ.

ಸೀನಜ್ಜನ ವಿದ್ಯೆಯನ್ನು ಅಕ್ಕ ಹೊರಗೂ ಪ್ರಯೋಗಿಸಿದ್ದುಂಟು. ಕೊರೋನಾ ಮುಗಿದ ಹೊಸತರಲ್ಲಿ ನಾವಿಬ್ಬರೂ ತಿಪಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಹೆಂಗಸರ ಸೀಟಿನಲ್ಲಿ ಒಬ್ಬ ದಾಂಡಿಗ ಕಾಲು ಚಾಚಿ ಕೂತಿದ್ದ. ಏಳಪ್ಪ ಅಂದರೆ ಕಿವಿಯಲ್ಲಿದ್ದ ವೈರು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದ. ನಾನು ಮೇಷ್ಟ್ರಮ್ಮನ ದನಿಯಲ್ಲಿ ಕಾನೂನು ಹೇಳಲು ಶುರುಮಾಡಿದ್ದೆ. ಅಕ್ಕ ನನ್ನ ಕೈ ಒತ್ತಿ, ಮೂಗು ಅರಳಿಸಿ, ಕಣ್ಣು ಮೇಲೆ ಮಾಡಿ, ಸೊಂಟದಿಂದ ಬಗ್ಗಿ ಒಂದು ಸೀನು ಸೀನಿದರು ನೋಡಿ! ಅವನೊಬ್ಬನೇ ಅಲ್ಲ, ಮುಂದಿನ ಸೀಟಿನವರೂ ಎದ್ದರು. ಅಕ್ಕ ಸೆರಗು ಕೊಡವಿ ಕೂತು, ನನಗೂ ಜಾಗ ಕೊಟ್ಟು, “ನೋಡ್ದಾ, ವಿದ್ಯೆ ಅಂದ್ರೆ ಇದು ಕಣೇ,” ಅಂದರು. ಊರು ಬರುವವರೆಗೂ ಇಬ್ಬರೂ ನಕ್ಕೆವು.

ಅಕ್ಕನಿಗೆ ಮಕ್ಕಳಿರಲಿಲ್ಲ. ಯಾರಾದರೂ ಬಂದು ಲೊಚಗುಟ್ಟಿದರೆ, “ಸೀನಜ್ಜಂಗೂ ಇಲ್ಲ ಬುಡ್ರಿ, ಅವ್ನೇನ್ ಕಮ್ಮಿ ಆಗವ್ನಾ?” ಅನ್ನುತ್ತಿದ್ದರು. ಸೀನಜ್ಜ ಯಾರೆಂದು ಗೊತ್ತಿಲ್ಲದವರು ಯಾರೋ ಸಾಧುಗಳಿರಬೇಕೆಂದು ಕೈ ಮುಗಿದು ಹೋಗುತ್ತಿದ್ದರು.

ಒಮ್ಮೆ ನಾನೇ ಕೇಳಿದೆ, ಇಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲವಾ ಅಂತ. ಅಕ್ಕ ಹೇಳಿದರು: “ಇದ್ರಾಗೆ ಯಾರೂ ಸಾಯಲ್ಲ ನೋಡು. ಏಟ್ ತಿಂದೋನು ಎದ್ದು ಧೂಳು ಕೊಡವ್ಕಂಡು ಮತ್ತೆ ಬತ್ತಾನೆ. ಆ ಮೀಸೆಯವ್ನೂ ಸಾಯಲ್ಲ, ಕೊನೇಗೆ ಸೀನಜ್ಜನ ಮಗ್ಗುಲಾಗೆ ಕೂತು ಗಂಜಿ ಕುಡೀತಾನೆ. ನಂಗೆ ಅದು ಇಷ್ಟ ಕಣೇ.” ಆಮೇಲೆ ನಗುತ್ತಾ, ಆದರೆ ತಮಾಷೆಯಾಗಿ ಅಲ್ಲ, ಅಂದರು: “ನಾ ಹೋದ್ಮೇಲೆ ನನ್ ಎಡೆಗೆ ಒಬ್ಬಟ್ಟು ಇಡ್ದಿದ್ರೂ ಚಿಂತಿಲ್ಲ. ಸೀನಜ್ಜನ ಸೀಡಿ ಇಡ್ಬೇಕು. ನೀನ್ ನೋಡ್ಕಬೇಕು ಮತ್ತೆ.” ನಾನು ಹೂಂ ಅಂದೆ.

ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿ ಇಡುತ್ತಾರೆ. ತಿನ್ನುವುದಷ್ಟೇ ಅಲ್ಲ. ನಮ್ಮ ಮಾವನ ಎಡೆಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ, ಇಸ್ಪೀಟು ಎಲೆ ಇಟ್ಟಿದ್ದೆವು. ಊರಿನ ಒಬ್ಬರಿಗೆ ಬ್ರಾಂದಿ ಇಟ್ಟಾಗ ಅದನ್ನು ಎತ್ತಿ ತಂದವರೇ ಈ ಅಧ್ಯಕ್ಷರು. ಎಡೆ ಇಟ್ಟು ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಸತ್ತವರು ಬಂದು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಗಂಡಸೊಬ್ಬರು ಬಾಗಿಲ ಹೊರಗೆ ನಿಂತು ಕೆಮ್ಮಿ, ಆಮೇಲೆ ತೆಗೆಯುತ್ತಾರೆ. ಆಮೇಲೇ ಉಳಿದವರಿಗೆ ಊಟ.

ಈ ವರ್ಷ ಒಂದು ಬೆಳಿಗ್ಗೆ ಅಕ್ಕ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ಏಳಲಿಲ್ಲ. ಅತ್ತು ಸುಧಾರಿಸಿಕೊಳ್ಳುವುದರೊಳಗೆ ಫ್ಲೆಕ್ಸ್ ಎದ್ದಿತ್ತು. ತಿಥಿಗೆ ಇನ್ನೂ ದಿನವಿದೆ, ಸೀಡಿ ಎತ್ತಿಟ್ಟುಕೊಳ್ಳೋಣ ಎಂದು ಶೆಡ್ಡಿಗೆ ಹೋದರೆ ಮೂಲೆ ಖಾಲಿ. ಟಿ.ವಿ. ಇಲ್ಲ, ಪ್ಲೇಯರ್ ಇಲ್ಲ. ನಿಂಗಮ್ಮ ಕಣ್ಣೊರೆಸಿಕೊಳ್ಳುತ್ತಾ, “ಡಬ್ಬ ಎರಡೂ ಗುಜರಿಗೆ ಹೋದ್ವು ಕಣವ್ವ. ಸೀಡಿನ ಹಂಡೆ ಒಲೆಗೆ ಹಾಕ್ಬುಟ್ರು. ತೆಂಗಿನ್ ಮಟ್ಟೆ ಜೊತೆ ಉರ್ದೋಯ್ತು,” ಅಂದಳು.

ಮೈ ಉರಿಯಿತು. ನೇರವಾಗಿ ಹೋಗಿ ಅಧ್ಯಕ್ಷರನ್ನು ಕೇಳಿದೆ.

“ಅಕ್ಕನ ಸೀಡಿ ಯಾಕೆ ಸುಟ್ರಿ?”

ಅವರು ಮೀಸೆ ಒರೆಸಿಕೊಂಡರು. “ಸತ್ತೋರ ಹಳೇ ಸಾಮಾನು ಮನೇಲಿ ಇಟ್ಕಬಾರ್ದು ಕಣಮ್ಮ.”

“ಅವರ ಒಡವೆ ಇಟ್ಕೊಂಡಿದ್ದೀರಲ್ಲ?”

“ಮೇಷ್ಟ್ರಮ್ಮ ಅಂತ ಮರ್ವಾದೆ ಕೊಟ್ಟು ಮಾತಾಡ್ತಾ ಇವ್ನಿ. ತಿಥಿಗೆ ನಾಕು ಊರಿನ ದೊಡ್ಡೋರು ಬತ್ತಾರೆ. ಎಡೆ ಮೇಲೆ ಹೊಡೆದಾಟದ್ ಸಿನಿಮಾ ಇಟ್ರೆ ಏನಂತಾರೆ? ಭಜನೆ ಪುಸ್ತಕ ಇಡ್ತೀವಿ. ನಮ್ಮತ್ಗೆ ಅಂಥೋರಲ್ಲ.”

“ಬ್ರಾಂದಿ ಇಡಬಹುದು, ಸಿನಿಮಾ ಇಡಬಾರದಾ?”

“ಅದು ಗಂಡಸ್ರ ಇಸ್ಯ,” ಅಂದು ಎದ್ದು ಹೋದರು.

ಕುಡಿದು ಸತ್ತವನ ಬಾಟಲಿಗಿರುವ ಮರ್ಯಾದೆ, ಜೀವನವಿಡೀ ನಕ್ಕು ನಗಿಸಿದವಳ ನಗುವಿಗೆ ಇಲ್ಲ. ಬದುಕಿದ್ದಾಗ ಬಾಯಿ ಮುಚ್ಚಿಸಿದ್ದು ಸಾಲದೆ, ಸತ್ತ ಮೇಲೂ ಮಿತಭಾಷಿ ಅಂತ ಬರೆಸಿ ಬೀಗ ಜಡಿಯುತ್ತಿದ್ದರು. ಭಾವನಾದರೂ ಏನಾದರೂ ಅನ್ನುತ್ತಾರೇನೋ ಎಂದು ಅವರ ಮುಖ ನೋಡಿದೆ. ಜಗಲಿಯ ಕಂಬಕ್ಕೊರಗಿ ಕೀಲಿಗೊಂಚಲು ತಿರುಗಿಸುತ್ತಾ ಕೂತಿದ್ದರು. ಅವರ ಮೇಲೂ ಕೆಟ್ಟ ಕೋಪ ಬಂತು.

ಸಿನಿಮಾವನ್ನು ಬೇರೆ ಕಡೆ ಹುಡುಕಲು ನೋಡಿದೆ. ಹೆಸರೇ ಗೊತ್ತಿಲ್ಲದ ಮೇಲೆ ಹುಡುಕುವುದೇನು? ‘ಸೀನುವ ಮುದುಕ, ಚೀನಾ, ಫೈಟಿಂಗ್’ ಎಂದು ಮೊಬೈಲಿಗೆ ಹೇಳಿದರೆ ಅದು ನೆಗಡಿಗೆ ಮನೆಮದ್ದು ತೋರಿಸಿತು. ತಿಪಟೂರಿನ ಅಂಗಡಿಗಳಲ್ಲಿ ಕೇಳಿದೆ. ಸೀಡಿ ಅಂದರೆ ಏನು ಅನ್ನುವವರ ಹಾಗೆ ನನ್ನನ್ನು ನೋಡಿದರು. ಅಕ್ಕ ನನಗೆ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಅದೂ ನನ್ನ ಕೈ ತಪ್ಪಿಹೋಗಿತ್ತು.

ತಿಥಿಯ ದಿನ ನಡುಮನೆಯಲ್ಲಿ, ದೊಡ್ಡ ಟಿ.ವಿ.ಯ ಎದುರಿಗೇ ಫೋಟೋ ಇಟ್ಟು ಎಡೆ ಬಡಿಸಿದರು. ಒಬ್ಬಟ್ಟು, ಚಕ್ಕುಲಿ, ಹಸಿರು ಸೀರೆ, ಬಳೆ, ಹೂವು, ಆ ಭಜನೆ ಪುಸ್ತಕ. ಅಕ್ಕ ಆ ಪುಸ್ತಕವನ್ನು ಕೈಯಲ್ಲಿ ಹಿಡಿದದ್ದನ್ನು ನಾನು ಕಂಡಿಲ್ಲ. ಹೊರಗೆ ಶಾಮಿಯಾನದ ಕೆಳಗೆ ಊಟದೆಲೆ ಹಾಸಿಯಾಗಿತ್ತು. ನಾಲ್ಕು ಊರಿನ ದೊಡ್ಡವರು ಬಿಳಿ ಬಟ್ಟೆಯಲ್ಲಿ ಬಂದು ಕೂತಿದ್ದರು. ನಿಂಗಮ್ಮ ಮತ್ತು ಕೆಲಸದ ಹೆಂಗಸರು ಅಂಗಳದ ಒಂದು ಪಕ್ಕ ನಿಂತಿದ್ದರು, ನಾನೂ ಅವರ ಜೊತೆ ನಿಂತೆ. ಧೂಪ ಹಾಕಿ ಎಲ್ಲರೂ ಹೊರಗೆ ಬಂದರು. ಭಾವ ಕೊನೆಗೆ ಬಂದು ಬಾಗಿಲು ಎಳೆದುಕೊಂಡರು. ಕೀಲಿಗೊಂಚಲು ಅವರ ಸೊಂಟದಲ್ಲಿರಲಿಲ್ಲ, ಕೈಯಲ್ಲಿತ್ತು.

ಆಮೇಲೆ ಬಾಗಿಲ ಒಳಗಿನಿಂದ ಕುದುರೆಯ ಗೊರಸಿನ ಸದ್ದು ಕೇಳಿತು.

ನಿಂಗಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಕುದುರೆ ನಮಗೆ ಗೊತ್ತು. ಅದಾದ ಮೇಲೆ ಆ ಪೀಪಿ, ಆ ತಮಟೆ, ಆಮೇಲೆ ಮನೆಯೇ ಅದುರುವ ಹಾಗೆ ಒಂದು ಸೀನು.

ಅಧ್ಯಕ್ಷರು ಬೆಚ್ಚಿ ತಿರುಗಿದರು. “ಟಿ.ವಿ. ಹಾಕಿದ್ಯಾರು? ಒಳಗೆ ಯಾರವ್ರೆ?”

“ಯಾರಿಲ್ಲ. ಅವ್ಳೊಬ್ಳೇ,” ಅಂದರು ಭಾವ.

“ಅದು ಸುಟ್ಟೋಗಿತ್ತಲ್ಲಣ್ಣ!”

“ಸುಟ್ಟಿದ್ದು ಅವ್ಳ್ದು. ಇದು ನಂದು. ಸೀಡಿ ಕೆಟ್ಟಾಗ್ಲೇ ತಿಪಟೂರ್ನಾಗೆ ಪೆನ್ ಡ್ರೈವಿಗೆ ಹಾಕಿಸ್ಕಂಡಿದ್ದೆ.”

ನಾನು ಅವರ ಕೈ ನೋಡಿದೆ. ಕೀಲಿಗಳಿದ್ದವು, ಆ ಕಪ್ಪು ಬಿಲ್ಲೆ ಇರಲಿಲ್ಲ. ಅಷ್ಟು ವರ್ಷ ಅದು ಎಲ್ಲರ ಕಣ್ಣೆದುರಿಗೇ ತೂಗಾಡಿತ್ತು. ಅಟ್ಟದ ಸಂದಿನ ಧೂಳು ತಾನಾಗಿ ಯಾಕೆ ನಿಲ್ಲುತ್ತಿತ್ತು ಅನ್ನುವುದೂ ನನಗೆ ಆಗಲೇ ಹೊಳೆದದ್ದು. ಅವರು ಮೇಲಿನಿಂದ ನೋಡುತ್ತಿದ್ದರು. ಒಂದು ಫೈಟನ್ನೂ ತಪ್ಪಿಸಿರಲಿಲ್ಲ.

ಒಳಗೆ ಚೀನಾದ ಮಾತು ನಡೆದಿತ್ತು, ಅದಕ್ಕೆ ಅರ್ಥ ಹೇಳುವವರಿರಲಿಲ್ಲ. ಮೊದಲು ನಿಂಗಮ್ಮ ಸಣ್ಣ ದನಿಯಲ್ಲಿ ಶುರುಮಾಡಿದಳು: “ಲೇ ಸಣ್ಣಪ್ಪ, ನೀರ್ ತಂದ್ಯೇನ್ಲಾ?” ಇನ್ನೊಬ್ಬಳು, “ತಂದೆ ಕಣಜ್ಜ, ಅರ್ಧ ಚೆಲ್ಲೋಯ್ತು,” ಅಂದಳು. ಒಬ್ಬೊಬ್ಬರೇ ಸೇರಿದರು. ಮೀಸೆಯವನು ಬರುವಾಗ ಬಡಿಯುವ ನಗಾರಿ ಬಡಿಯಿತು. ಎಲ್ಲರೂ ಸುಮ್ಮನಾದರು. ಆ ಮಾತನ್ನು ಅವರು ಹೇಗೆ ಆಡಿಯಾರು? ಎದುರಿಗೇ ಕೈ ಹಿಂದೆ ಕಟ್ಟಿ ನಿಂತಿದ್ದರಲ್ಲ, ಕೂಲಿ ಕೊಡುವವರು. ನನಗೆ ಅವರು ಕೂಲಿ ಕೊಡುತ್ತಿರಲಿಲ್ಲ. ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ, ನಾಲ್ಕು ಊರಿನ ದೊಡ್ಡವರಿಗೂ ಕೇಳುವ ಹಾಗೆ ಕೂಗಿದೆ:

“ಏನ್ಲಾ ಅಧ್ಯಕ್ಷ, ಮೀಸೆ ತೀಡ್ಕಂಡು ಬಂದ್ಬುಟ್ರೆ ದೊಡ್ ಮನ್ಸ ಆಗ್ಬುಟ್ಟಾ?”

ಚಿಕ್ಕನಾಯಕನಹಳ್ಳಿಯ ಆ ಬೀಗಿತ್ತಿ ಮೊದಲು ನಕ್ಕರು. ಆಮೇಲೆ ಅಂಗಳವೆಲ್ಲ ನಕ್ಕಿತು. ಅಧ್ಯಕ್ಷರ ಕೈ ಮೀಸೆಯ ತನಕ ಹೋಗಿ ಅಲ್ಲೇ ನಿಂತಿತು.

ಹೀಗೇ ಸಿನಿಮಾ ನಡೆಯಿತು. ಹುಳಿ ಆರಿತು, ಅನ್ನ ಆರಿತು, ಯಾರೂ ಏಳಲಿಲ್ಲ. ಅಷ್ಟರಲ್ಲಿ ಒಳಗಿನ ಸದ್ದು ಒಮ್ಮೆಲೇ ನಿಂತಿತು. ಅಧ್ಯಕ್ಷರು ಉಸಿರು ಬಿಟ್ಟು, ಮುಗಿಯಿತೆಂದು ಮುಂದೆ ಬಂದು, ಗಟ್ಟಿಯಾಗಿ ಒಮ್ಮೆ ಕೆಮ್ಮಿ ಚಿಲಕಕ್ಕೆ ಕೈ ಹಾಕಿದರು.

“ತೆಗೀಬ್ಯಾಡ,” ಅಂದರು ಭಾವ. ತಮ್ಮನಿಗೆ ಅವರು ಬ್ಯಾಡ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಇನ್ನೂ ಮುಗ್ದಿಲ್ಲ. ಸೀನಜ್ಜ ಮೂಗ್ ಒರೆಸ್ಕತಾವ್ನೆ. ಅವ್ಳು ನಡುವೆ ಎದ್ದೋಳಲ್ಲ.”

ಅಧ್ಯಕ್ಷರು ಚಿಲಕದಿಂದ ಕೈ ತೆಗೆದರು. ನಾವೆಲ್ಲ ಕಾದೆವು. ಒಳಗೆ ಸೀನಜ್ಜ ಸೀನಿದ, ಸಿನಿಮಾ ಮುಂದುವರಿಯಿತು.